ಮನೆಯೊಳಗಿನ ಡಬ್ಬಾ, ಮಹಡಿ ಕೆಳಗಿನ ಹೋಟೆಲು: ಸೊಸೈಟಿಗಳಲ್ಲಿ ಮುಗಿಯದ ಚರ್ಚೆ

ಮುಂಬಯಿ ಉಪನಗರಗಳು ಹಾಗೂ ಠಾಣೆ, ಡೊಂಬಿವಲಿ, ಕಲ್ಯಾಣ್, ಮೀರಾರೋಡ್, ವಸಾಯಿ, ನಾಲಾಸೋಪಾರ, ನವಿ ಮುಂಬಯಿ ಪರಿಸರದ ಹೌಸಿಂಗ್ ಸೊಸೈಟಿಗಳ ವಾರ್ಷಿಕ ಮಹಾಸಭೆಗಳಲ್ಲಿ ಪಾರ್ಕಿಂಗ್ ಮತ್ತು ತಾರಸಿ ಸೋರಿಕೆ ಬಿಟ್ಟರೆ ಅತಿ ಬಿಸಿಯಾಗಿ ಚರ್ಚೆಗೆ ಬರುವ ವಿಷಯ ಇನ್ನೊಂದಿದೆ. ವಾಸಕ್ಕೆಂದು ಕಟ್ಟಿದ ಕಟ್ಟಡದಲ್ಲಿ, ವಾಸಕ್ಕೆಂದೇ ಮಾಡಿದ ಗಲ್ಲಿಯಲ್ಲಿ ವ್ಯಾಪಾರಕ್ಕೆ ಎಷ್ಟು ಜಾಗ ಕೊಡಬೇಕು ಎಂಬುದೇ ಆ ವಿಷಯ. ಈ ಚರ್ಚೆ ಇತರರಿಗೆ ಹೇಗೋ ಏನೋ, ನಮ್ಮ ತುಳು-ಕನ್ನಡಿಗರ ಪಾಲಿಗಂತೂ ತುಸು ಇಕ್ಕಟ್ಟಿನದು. ಏಕೆಂದರೆ ಈ ಜಗಳದ ಎರಡೂ ಬದಿಗಳಲ್ಲಿ ನಮ್ಮವರೇ ಇದ್ದಾರೆ. ನೆಲಮಹಡಿಯ ಗಾಳೆಯಲ್ಲಿ ಹೋಟೆಲು ನಡೆಸುವವರು ನಮ್ಮವರು. ಅದರ ಹೊಗೆಗೆ ಮೇಲಿನ ಮಹಡಿಯಲ್ಲಿ ಕಿಟಕಿ ಮುಚ್ಚಿಕೊಂಡು ಕುಳಿತಿರುವವರೂ ಎಷ್ಟೋ ಕಡೆ ನಮ್ಮವರೇ.

ಕಟ್ಟಡದೊಳಗೆ ಬಂದರೆ ವ್ಯಾಪಾರದ ರೂಪಗಳು ಹಲವು. ಎರಡನೇ ಮಹಡಿಯ ಅಕ್ಕ ಬೆಳಿಗ್ಗೆ ಐದಕ್ಕೆ ಎದ್ದು ಆಫೀಸಿಗೆ ಹೋಗುವ ಹತ್ತು ಮಂದಿ ಹುಡುಗರಿಗೆ ಡಬ್ಬಾ ಕಟ್ಟುತ್ತಾರೆ. ನಿವೃತ್ತ ಶಿಕ್ಷಕಿಯೊಬ್ಬರು ಸಂಜೆ ನಡುಕೋಣೆಯಲ್ಲಿ ಚಾಪೆ ಹಾಸಿ ಟ್ಯೂಷನ್ ಹೇಳುತ್ತಾರೆ. ಇನ್ನೊಬ್ಬರು ರವಕೆ ಹೊಲಿಯುತ್ತಾರೆ, ಸೀರೆಗೆ ಫಾಲ್ ಹಚ್ಚಿ ಕೊಡುತ್ತಾರೆ. ಚೌತಿ, ಅಷ್ಟಮಿ ಬಂತೆಂದರೆ ಮೂಡೆ, ಪತ್ರೊಡೆ, ಉಂಡೆ-ಚಕ್ಕುಲಿಯ ಆರ್ಡರು ಹಿಡಿಯುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಭರತನಾಟ್ಯ ಕಲಿಸುವವರೂ ಇದ್ದಾರೆ. ಗೆಜ್ಜೆಯ ಸದ್ದನ್ನಾದರೂ ಕೆಳಗಿನ ಮನೆಯವರು ಸಹಿಸಿಯಾರು, ಫ್ಲ್ಯಾಟಿನೊಳಗೆ ಚೆಂಡೆ ಕಲಿಸಲು ಹೊರಟರೆ ಎಂಥ ಕಲಾಭಿಮಾನಿಯೂ ಕಾರ್ಯದರ್ಶಿಗೆ ದೂರು ಬರೆಯದೆ ಇರಲಾರ!

2020ರ ಲಾಕ್‌ಡೌನ್ ಬಳಿಕ ಈ ಪಟ್ಟಿ ಇನ್ನಷ್ಟು ಉದ್ದವಾಯಿತು. ಹೋಟೆಲುಗಳ ಬಾಗಿಲು ಮುಚ್ಚಿ, ಕಚೇರಿಗಳಲ್ಲಿ ಸಂಬಳ ಕಡಿತವಾಗಿ, ಅನೇಕ ಮನೆಗಳಲ್ಲಿ ಅಡುಗೆಮನೆಯೇ ಆದಾಯದ ಮೂಲವಾಯಿತು. ಮೊಬೈಲಿನಲ್ಲಿ ಆರ್ಡರು, ಗೇಟಿನಲ್ಲಿ ಡೆಲಿವರಿ ಹುಡುಗ. ಆಗ ಚಪ್ಪಾಳೆ ತಟ್ಟಿ ಪ್ರೋತ್ಸಾಹಿಸಿದ ನೆರೆಹೊರೆಯವರೇ ಎರಡು ವರ್ಷ ಕಳೆಯುತ್ತಲೇ ಲಿಫ್ಟಿನಲ್ಲಿ ಅಪರಿಚಿತರ ಓಡಾಟ ಹೆಚ್ಚಾಯಿತು, ವಾಚ್‌ಮ್ಯಾನಿಗೆ ಪುರುಸೊತ್ತಿಲ್ಲದಾಯಿತು ಎಂದು ದೂರತೊಡಗಿದರು. ಎರಡೂ ಮಾತಿನಲ್ಲಿ ಸತ್ಯವಿದೆ.

ಹಿಂದೆ ನಮ್ಮ ಊರುಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಕರಾವಳಿಯ ಯಾವುದೇ ಪೇಟೆಯ ರಥಬೀದಿಗೆ ಹೋಗಿ ನೋಡಿ, ಮುಂದೆ ಅಂಗಡಿ, ಹಿಂದೆ ಮನೆ. ಜಗಲಿಯಲ್ಲಿ ಅಕ್ಕಸಾಲಿಗನ ಕುಲುಮೆ, ಒಳಗೆ ಬಾಣಂತಿ ಕೋಣೆ. ವ್ಯಾಪಾರಿಯೂ ನಿವಾಸಿಯೂ ಒಬ್ಬನೇ ಆಗಿದ್ದುದರಿಂದ ತನ್ನ ಮನೆಯ ಮಗುವಿನ ನಿದ್ದೆ ಕೆಡಿಸುವಷ್ಟು ಸದ್ದು ಅವನೂ ಮಾಡುತ್ತಿರಲಿಲ್ಲ. ಈ ಒಂದು ಅಂಶವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಕಾನೂನಿನ ಮಾತು ಬಂದಾಗ ಮತ್ತೆ ಇದೇ ಎದುರಾಗುತ್ತದೆ.

ಮುಂಬಯಿಗೆ ಬಂದ ಮೇಲೂ ನಮ್ಮವರ ಬದುಕು ಬೆಳೆದದ್ದು ಮನೆ ಮತ್ತು ಅಂಗಡಿ ಬೆರೆತ ಬೀದಿಗಳಲ್ಲಿಯೇ. 1896ರಲ್ಲಿ ಪ್ಲೇಗ್ ಮಾರಿ ಬಂದೆರಗಿದ ಮೇಲೆ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ಅದು ರೂಪಿಸಿದ ದಾದರ್-ಮಾಟುಂಗಾ ಬಡಾವಣೆಗಳು ಮಧ್ಯಮ ವರ್ಗದ ವಸತಿಗೆಂದೇ ಯೋಜಿಸಿದವು. ಅಗಲ ರಸ್ತೆ, ಸಾಲುಮರ, ಮೂರ್ನಾಲ್ಕು ಮಹಡಿಯ ಕಟ್ಟಡ. ಅಲ್ಲಿಗೆ ದಕ್ಷಿಣ ಭಾರತೀಯ ಗುಮಾಸ್ತರು, ಟೈಪಿಸ್ಟರು ಬಂದು ನೆಲೆಸಿದರು. ಅವರ ಹಿಂದೆಯೇ ನಮ್ಮ ಹೋಟೆಲುಗಳೂ ಬಂದವು. ಎ. ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಊಟಕ್ಕೆ ಮನೆಯಿಲ್ಲದ ಒಂಟಿ ಜೀವಗಳಿಗೆ ಬಾಳೆಲೆ ಹಾಕಿತು. ವಸತಿ ಪ್ರದೇಶದ ನಡುವೆ ಹೋಟೆಲು ಕೂಡದು ಎಂಬ ಇಂದಿನ ಕಟ್ಟುನಿಟ್ಟಿನ ವಾದ ಅಂದು ಗೆದ್ದಿದ್ದರೆ ಉಡುಪಿ ಹೋಟೆಲು ಎಂಬ ಹೆಸರೇ ಈ ಮಹಾನಗರದಲ್ಲಿ ಹುಟ್ಟುತ್ತಿತ್ತೋ ಇಲ್ಲವೋ ಎಂದರೆ ಅತಿಶಯೋಕ್ತಿಯಾಗಲಾರದು.

ಮನೆಯೊಳಗಿನ ವ್ಯಾಪಾರಕ್ಕೂ ಇಲ್ಲಿ ದೊಡ್ಡ ಪರಂಪರೆಯಿದೆ. 1959ರ ಮಾರ್ಚ್ 15ರಂದು ಗಿರ್ಗಾಂವ್‌ನ ಒಂದು ವಸತಿ ಕಟ್ಟಡದ ತಾರಸಿಯಲ್ಲಿ ಏಳು ಮಂದಿ ಮಹಿಳೆಯರು 80 ರೂ. ಸಾಲ ತಂದು ಹಪ್ಪಳ ಲಟ್ಟಿಸಲು ಕುಳಿತರು. ಅದೇ ಇಂದಿನ ಲಿಜ್ಜತ್ ಪಾಪಡ್. ಇಂದಿಗೂ ಅದರ ಸದಸ್ಯೆಯರು ಹಿಟ್ಟನ್ನು ಕೇಂದ್ರದಿಂದ ಒಯ್ದು ತಮ್ಮ ಮನೆಯಲ್ಲಿಯೇ ಲಟ್ಟಿಸಿ ತಂದು ಕೊಡುತ್ತಾರೆ. ಗಿರಣಗಾಂವ್‌ನ ಚಾಳುಗಳಲ್ಲಿ ಗಿರಣಿ ಕಾರ್ಮಿಕರಿಗೆ ಊಟ ಹಾಕುತ್ತಿದ್ದ ಖಾನಾವಳಿಯ ಮಹಿಳೆಯರದ್ದೂ ಇಂಥದೇ ಕಥೆ. ಬಡ್ಡಿಯವರ ಕೈಗೆ ಸಿಕ್ಕಿ ನಲುಗುತ್ತಿದ್ದ ಅವರನ್ನು ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲದಡಿ ಒಗ್ಗೂಡಿಸಿ ಬ್ಯಾಂಕ್ ಸಾಲ ಕೊಡಿಸಿದರು. ಹತ್ತಡಿ ಕೋಣೆಯೇ ಅವರ ಮನೆ, ಅದೇ ಅವರ ಹೋಟೆಲು. ಆ ಕೋಣೆಗಳಿಗೆ ಯಾರಾದರೂ ಬೀಗ ಜಡಿದಿದ್ದರೆ ಪಾಳಿ ಮುಗಿಸಿ ಬಂದ ಸಾವಿರಾರು ಕಾರ್ಮಿಕರು ಉಪವಾಸ ಬೀಳುತ್ತಿದ್ದರು.

ಹಾಗಾದರೆ ಮನೆ ಬೇರೆ, ವ್ಯಾಪಾರ ಬೇರೆ ಎಂದು ನಕ್ಷೆಯಲ್ಲಿ ಗೆರೆ ಎಳೆಯುವ ಪದ್ಧತಿ ಎಲ್ಲಿಂದ ಬಂತು? ಅದಕ್ಕೆ ಗಟ್ಟಿ ಕಾನೂನಿನ ತಳಪಾಯ ಸಿಕ್ಕಿದ್ದು ದೂರದ ಅಮೆರಿಕದ ಒಂದು ಸಣ್ಣ ಊರಿನಲ್ಲಿ. ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದ ಪಕ್ಕದಲ್ಲಿರುವ ಯೂಕ್ಲಿಡ್ ಆಗ ಒಂದು ಗ್ರಾಮ. ಕ್ಲೀವ್‌ಲ್ಯಾಂಡಿನ ಕಾರ್ಖಾನೆಗಳು ತಮ್ಮೂರಿಗೂ ಹಬ್ಬುತ್ತವೆ ಎಂದು ಹೆದರಿದ ಗ್ರಾಮಾಡಳಿತ 1922ರಲ್ಲಿ ಇಡೀ ಊರನ್ನು ವಲಯಗಳನ್ನಾಗಿ ಹಂಚಿತು. ಇಲ್ಲಿ ಮನೆ ಮಾತ್ರ, ಇಲ್ಲಿ ಅಂಗಡಿ, ಇಲ್ಲಿ ಕಾರ್ಖಾನೆ. ಅಲ್ಲಿ 68 ಎಕರೆ ಹೊಂದಿದ್ದ ಆಂಬ್ಲರ್ ಎಂಬ ಭೂ ಕಂಪೆನಿ, ಕಾರ್ಖಾನೆಗೆ ಮಾರಿದರೆ ಎಕರೆಗೆ 10,000 ಡಾಲರ್ ಬರುವ ಜಾಗಕ್ಕೆ ಮನೆಗಳಿಗಾದರೆ 2,500 ಡಾಲರ್ ಮಾತ್ರ ಬರುತ್ತದೆ ಎಂದು ನ್ಯಾಯಾಲಯದ ಮೆಟ್ಟಿಲೇರಿತು. 1926ರ ನವೆಂಬರ್ 22ರಂದು ಅಲ್ಲಿನ ಸುಪ್ರೀಂ ಕೋರ್ಟ್ 6-3 ಬಹುಮತದಿಂದ ಗ್ರಾಮದ ಪರ ತೀರ್ಪಿತ್ತಿತು. ಅಂದಿನಿಂದ ಆ ಪದ್ಧತಿಗೆ ಆ ಊರಿನ ಹೆಸರೇ ಅಂಟಿಕೊಂಡಿದೆ. ತಮಾಷೆಯೆಂದರೆ, ಇಷ್ಟೆಲ್ಲ ಹೋರಾಡಿದ ಆ ಜಾಗದಲ್ಲಿ ಮುಂದೆ ಎದ್ದು ನಿಂತದ್ದು ಜನರಲ್ ಮೋಟಾರ್ಸ್ ಕಂಪೆನಿಯ ಕಾರ್ಖಾನೆ!

ಸ್ವಾತಂತ್ರ್ಯಾನಂತರ ನಮ್ಮ ನಗರಗಳ ಅಭಿವೃದ್ಧಿ ಯೋಜನೆಗಳೂ ಬಣ್ಣ ಬಣ್ಣದ ವಲಯಗಳ ಇದೇ ಮಾದರಿಯನ್ನು ಹಿಡಿದವು. ಕಾಗದದ ಮೇಲೆ ಗೆರೆ ಎಳೆದು, ಬೀದಿಯಲ್ಲಿ ಅದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ದೇಶದ ರಾಜಧಾನಿಯೇ ಸಾಕ್ಷಿ.

ದೆಹಲಿಯಲ್ಲಿ 1962ರಿಂದಲೇ ಮಾಸ್ಟರ್ ಪ್ಲಾನ್ ಇತ್ತು. ಆದರೆ ಊರು ಬೆಳೆದ ವೇಗಕ್ಕೆ ಮಾರುಕಟ್ಟೆಗಳು ಬೆಳೆಯಲಿಲ್ಲ. ಜನ ಮನೆಯ ನೆಲಮಹಡಿಯನ್ನು ಅಂಗಡಿ ಮಾಡಿದರು, ಅಂಗಡಿ ಶೋರೂಂ ಆಯಿತು, ಶೋರೂಂ ಬ್ಯಾಂಕ್ವೆಟ್ ಹಾಲ್ ಆಯಿತು. ಅಧಿಕಾರಿಗಳು ಕಂಡೂ ಕಾಣದಂತಿದ್ದರು. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರ ಫೆಬ್ರವರಿ 16ರಂದು ನೀಡಿದ ತೀರ್ಪು ಒಂದೇ ಏಟಿಗೆ ಎಲ್ಲವನ್ನೂ ಬದಲಿಸಿತು. ಮಾರ್ಚ್ ಕೊನೆಯಲ್ಲಿ ಸೀಲಿಂಗ್, ಅಂದರೆ ಅಂಗಡಿಗಳಿಗೆ ಮೊಹರು ಹಾಕುವ ಕೆಲಸ ಆರಂಭವಾಯಿತು. ಉಸ್ತುವಾರಿಗೆ ನ್ಯಾಯಾಲಯವೇ ಮೂವರ ಸಮಿತಿ ನೇಮಿಸಿತು. ವರ್ತಕರು ಬಂದ್ ಆಚರಿಸಿದರು, ಸಂಸತ್ತು ಮೇ ತಿಂಗಳಲ್ಲಿ ಒಂದು ವರ್ಷದ ತಡೆ ಕಾಯ್ದೆ ತಂದಿತು. ಅದಕ್ಕೂ ನ್ಯಾಯಾಲಯದಲ್ಲಿ ತಕರಾರಾಯಿತು. ಸೆಪ್ಟೆಂಬರ್ 20ರಂದು ಸೀಲಂಪುರದಲ್ಲಿ ಪ್ರತಿಭಟನೆ ಹಿಂಸೆಗೆ ತಿರುಗಿ ಪೊಲೀಸ್ ಗೋಲಿಬಾರಿನಲ್ಲಿ ಜೀವಗಳೇ ಹೋದವು. ಅಂಗಡಿಯ ಜಾಗ ಸರಿಯೋ ತಪ್ಪೋ ಎಂಬ ಪ್ರಶ್ನೆಗೆ ಯಾರೂ ತೆರಬಾರದ ಬೆಲೆ ಅದು.

ಇಷ್ಟಾದ ಮೇಲೆ 2006ರ ಸೆಪ್ಟೆಂಬರಿನಲ್ಲಿಯೇ 2,183 ರಸ್ತೆಗಳನ್ನು ಮಿಶ್ರ ಬಳಕೆಗೆ ಅಥವಾ ವಾಣಿಜ್ಯಕ್ಕೆ ಮುಕ್ತಗೊಳಿಸಲಾಯಿತು. 2007ರ ಫೆಬ್ರವರಿ 7ರಂದು ಪ್ರಕಟವಾದ ‘ಮಾಸ್ಟರ್ ಪ್ಲಾನ್ 2021’ ಆ ಸೂತ್ರಗಳನ್ನು ವಿವರವಾಗಿ ಬರೆಯಿತು. ಅದರ ಕೆಲವು ಅಂಶಗಳು ನಮ್ಮ ಸೊಸೈಟಿಗಳೂ ಓದಬೇಕಾದಂಥವು. ತರಕಾರಿ, ಹಾಲು, ಔಷಧ, ಕ್ಷೌರ, ಇಸ್ತ್ರಿ, ಹೊಲಿಗೆಯಂಥ ದಿನಬಳಕೆಯ ಅಂಗಡಿಗಳು ನೆಲಮಹಡಿಯಲ್ಲಿ 20 ಚದರ ಮೀಟರ್, ಅಂದರೆ ಸುಮಾರು 215 ಚದರ ಅಡಿ ಮೀರದಿದ್ದರೆ ಅನುಮತಿ. ವೈದ್ಯರು, ವಕೀಲರು, ಲೆಕ್ಕಪರಿಶೋಧಕರು ತಾವು ವಾಸವಿರುವ ಮನೆಯ ಅರ್ಧದಷ್ಟು ಜಾಗವನ್ನು ವೃತ್ತಿಗೆ ಬಳಸಬಹುದು. ಆದರೆ ಮದ್ಯದಂಗಡಿ, ವಾಹನ ರಿಪೇರಿ, ಕಟ್ಟಡ ಸಾಮಗ್ರಿಯ ವ್ಯಾಪಾರ, ಉಗ್ರಾಣ ಇವುಗಳಿಗೆ ಮನೆಗಳ ನಡುವೆ ಜಾಗವಿಲ್ಲ. ನಲವತ್ತು ವರ್ಷ ಮೊದಲೇ ಇಷ್ಟನ್ನು ಬರೆದು ಪಾಲಿಸಿದ್ದರೆ ಮೊಹರು, ಗುಂಡು ಯಾವುದೂ ಬೇಕಿರಲಿಲ್ಲ. ಕಥೆ ಅಲ್ಲಿಗೂ ಮುಗಿಯಲಿಲ್ಲ. 2017ರ ಕೊನೆಯಲ್ಲಿ ಮತ್ತೆ ಸೀಲಿಂಗ್ ಆರಂಭವಾಯಿತು. ಒಂದು ವರ್ಷಕ್ಕೆಂದು ಬಂದಿದ್ದ ರಕ್ಷಣಾ ಕಾಯ್ದೆಯ ಸರಣಿಯನ್ನು ಸಂಸತ್ತು 2023ರ ಡಿಸೆಂಬರಿನಲ್ಲಿ ಮತ್ತೆ ಮೂರು ವರ್ಷ ವಿಸ್ತರಿಸಿತು.

ಇನ್ನು ನಮ್ಮ ಮುಂಬಯಿಯ ವಿಚಾರಕ್ಕೆ ಬರೋಣ. 1991ರ ಅಭಿವೃದ್ಧಿ ನಿಯಂತ್ರಣ ನಿಯಮಾವಳಿ ವಸತಿ ಪ್ರದೇಶವನ್ನು ಎರಡು ಬಗೆಯಾಗಿ ಕಂಡಿತು. ಒಂದು ಅಪ್ಪಟ ವಸತಿ, ಇನ್ನೊಂದು ರಸ್ತೆ ಬದಿಗೆ ಅಂಗಡಿ ಸಾಲು ಇರುವ ವಸತಿ. ಅಪ್ಪಟ ವಸತಿಯಲ್ಲೂ ಮನೆಮಂದಿ ಸಂಬಳದ ಆಳಿಲ್ಲದೆ ಮಾಡುವ ಹೊಲಿಗೆ, ಕಸೂತಿಯಂಥ ಮನೆಗೆಲಸದ ವೃತ್ತಿಗಳಿಗೆ ಅದು ಅಡ್ಡಿ ಮಾಡಲಿಲ್ಲ. ಅದೇ ಕಟ್ಟಡದಲ್ಲಿ ವಾಸಿಸುವ ವೈದ್ಯರು 30 ಚದರ ಮೀಟರ್ ಮೀರದಂತೆ, ರೋಗಿಗಳನ್ನು ಮಲಗಿಸಿಕೊಳ್ಳದೆ ದವಾಖಾನೆ ನಡೆಸಬಹುದಿತ್ತು. 2018ರಲ್ಲಿ ಜಾರಿಗೆ ಬಂದ ‘ಡಿಸಿಪಿಆರ್ 2034’ ಮಿಶ್ರ ಬಳಕೆಯ ಬಾಗಿಲನ್ನು ಇನ್ನಷ್ಟು ತೆರೆದು, ಜತೆಗೆ ರಸ್ತೆಯ ಅಗಲ, ಪ್ರತ್ಯೇಕ ಪ್ರವೇಶದ್ವಾರ ಮುಂತಾದ ಷರತ್ತುಗಳನ್ನು ಇಟ್ಟಿತು. ಡೊಂಬಿವಲಿ, ವಸಾಯಿಯಂಥ ಊರುಗಳಿಗೆ 2020ರ ಡಿಸೆಂಬರಿನಲ್ಲಿ ಬಂದ ರಾಜ್ಯದ ಏಕೀಕೃತ ನಿಯಮಾವಳಿ ಅನ್ವಯಿಸುತ್ತದೆ. ಅಲ್ಲಿಯೂ ಎಂಥ ಅಂಗಡಿ ಎಂಬುದನ್ನು ತೀರ್ಮಾನಿಸುವುದು ಬಹುಪಾಲು ಎದುರಿನ ರಸ್ತೆಯ ಅಗಲವೇ.

ಈ ನಿಯಮಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಕಾನೂನು ಕೇಳುವ ಪ್ರಶ್ನೆ ವ್ಯಾಪಾರವೋ ಅಲ್ಲವೋ ಎಂಬುದಲ್ಲ. ದುಡಿಯುವವರು ಅಲ್ಲಿಯೇ ವಾಸವಿದ್ದಾರೆಯೇ? ಎಷ್ಟು ಜಾಗ, ಎಷ್ಟು ಆಳು? ಹೊರಗಿನವರು ಎಷ್ಟು ಮಂದಿ ಬರುತ್ತಾರೆ, ಯಾವ ಬಾಗಿಲಿನಿಂದ? ರಥಬೀದಿಯ ಅಂಗಡಿ-ಮನೆಯವನು ಹೇಳದೆಯೇ ಪಾಲಿಸುತ್ತಿದ್ದ ಲೆಕ್ಕವೇ ಇದು. ಆದರೆ ನಮ್ಮ ಮಹಾಸಭೆಗಳಲ್ಲಿ ಈ ಪ್ರಶ್ನೆಗಳನ್ನು ಕೇಳುವವರೇ ಕಡಿಮೆ. ‘ಎಲ್ಲವನ್ನೂ ಬಂದ್ ಮಾಡಿ’ ಎಂದು ಒಂದು ಬಣ, ‘ನನ್ನ ಮನೆ, ನನ್ನ ಇಷ್ಟ’ ಎಂದು ಇನ್ನೊಂದು ಬಣ. ಹಾಗಾಗಿ ಡಬ್ಬಾ ಕಟ್ಟುವ ಅಕ್ಕನಿಗೂ ಫ್ಲ್ಯಾಟನ್ನು ಕೊರಿಯರ್ ಗೋದಾಮು ಮಾಡಿ ತಾನು ಬೇರೆಡೆ ವಾಸಿಸುವ ಮಾಲಕನಿಗೂ ಒಂದೇ ನೋಟಿಸು ಹೋಗುತ್ತದೆ. ಗೋದಾಮಿನವನು ವಕೀಲರನ್ನು ಇಟ್ಟುಕೊಂಡು ವರ್ಷಗಟ್ಟಲೆ ಎಳೆಯುತ್ತಾನೆ. ಅಕ್ಕ ಮರುದಿನವೇ ಹೆದರಿ ಒಲೆ ಆರಿಸುತ್ತಾರೆ. ಇದು ನ್ಯಾಯವಲ್ಲ ಎಂದು ಹೇಳಲು ನಮಗೆ ಸಂಕೋಚವಿಲ್ಲ.

ಹಾಗೆಂದು ವಿರೋಧಿಸುವವರೆಲ್ಲ ಹೊಟ್ಟೆಕಿಚ್ಚಿನವರು ಎಂದು ತಳ್ಳಿಹಾಕುವಂತಿಲ್ಲ. ನೆಲಮಹಡಿಯ ವ್ಯಾಪಾರ ಜೀವಕ್ಕೇ ಎರವಾದ ಉದಾಹರಣೆಗಳು ಇದೇ ಊರಿನಲ್ಲಿವೆ. 2007ರ ಜುಲೈ 18ರಂದು ಬೊರಿವಲಿಯಲ್ಲಿ ಲಕ್ಷ್ಮೀ ಛಾಯಾ ಎಂಬ ಏಳು ಮಹಡಿಯ ಕಟ್ಟಡ ಕುಸಿದು 30ರ ಸಮೀಪ ಜನ ಪ್ರಾಣ ಕಳೆದುಕೊಂಡರು. ನೆಲಮಹಡಿಯ ಅಂಗಡಿಯಲ್ಲಿ ನಡೆಸಿದ ಮಾರ್ಪಾಡು ಕಂಬಗಳಿಗೆ ಧಕ್ಕೆ ತಂದಿತೆಂಬ ಆರೋಪ ಕೇಳಿಬಂತು. ಹತ್ತು ವರ್ಷದ ಬಳಿಕ, 2017ರ ಜುಲೈ 25ರಂದು, ಘಾಟ್‌ಕೋಪರ್ ದಾಮೋದರ ಪಾರ್ಕಿನ ಸಿದ್ಧಿ ಸಾಯಿ ಕಟ್ಟಡ ಅದೇ ರೀತಿ ನೆಲಕ್ಕುರುಳಿ 17 ಮಂದಿ ಸತ್ತರು. ಅಲ್ಲಿಯೂ ನೆಲಮಹಡಿಯಲ್ಲಿದ್ದ ನರ್ಸಿಂಗ್ ಹೋಂ ಜಾಗದಲ್ಲಿ ನವೀಕರಣ ನಡೆದಿತ್ತು, ಅಲ್ಲಿಯೂ ಅದೇ ಆರೋಪ. ಗೋಡೆ ಒಡೆದು ಶೋರೂಂ ಅಗಲ ಮಾಡುವಾಗ ಒಡೆಯುವುದು ಗೋಡೆಯನ್ನೋ ಕಂಬವನ್ನೋ ಎಂದು ಕೇಳುವ ಹಕ್ಕು ಮೇಲಿನ ಮಹಡಿಯ ಪ್ರತಿಯೊಬ್ಬರಿಗೂ ಇದೆ. ಕೇಳಿದರೆ ‘ನಿಮಗೇನು ಮಾಡಲಿಕ್ಕುಂಟು?’ ಎಂದು ಗದರುವ ಮಾಲಕರು ಈ ಎರಡು ತಾರೀಖುಗಳನ್ನು ನೆನಪಿಡುವುದು ಒಳಿತು.

ಹೋಟೆಲಿನ ವಿಚಾರದಲ್ಲಿ ನಮ್ಮವರಿಗೆ ಎರಡು ಮಾತು ಹೇಳಲೇಬೇಕು. ರಸ್ತೆ ಬದಿಯ ಗಾಳೆಯಲ್ಲಿ ಪರವಾನಿಗೆ ಪಡೆದು ನಡೆಯುವ ಹೋಟೆಲು ಕಾನೂನುಬದ್ಧ ಎಂಬುದರಲ್ಲಿ ಎರಡು ಮಾತಿಲ್ಲ. ಜಗಳ ಬರುವುದು ಪರವಾನಿಗೆಯ ವಿಷಯಕ್ಕಲ್ಲ. ಒಗ್ಗರಣೆಯ ಹೊಗೆ ಹೊರಬಿಡುವ ಪೈಪು ಎರಡನೇ ಮಹಡಿಯ ಕಿಟಕಿಯ ಬುಡದಲ್ಲೇ ನಿಂತಿರುತ್ತದೆ. ಅದನ್ನು ತಾರಸಿಯ ಮೇಲಕ್ಕೆ ಒಯ್ದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ, ಖರ್ಚು ಒಂದು ಸಲದ್ದು. ಬೆಳಿಗ್ಗೆ ನಾಲ್ಕಕ್ಕೆ ಹಾಲಿನ ಕ್ಯಾನು, ತರಕಾರಿ ಗೋಣಿ ಇಳಿಸುವ ಸದ್ದು, ರಾತ್ರಿ ಹನ್ನೆರಡಕ್ಕೆ ಪಾತ್ರೆ ತೊಳೆಯುವ ಸದ್ದು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ 45 ಡೆಸಿಬೆಲ್ ಮಿತಿ. ಸ್ಟೀಲ್ ಪಾತ್ರೆ ಕಲ್ಲಿನ ಮೇಲೆ ಬಿದ್ದರೆ ಈ ಮಿತಿ ಎಲ್ಲಿ ಉಳಿಯುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾತ್ರೆ ತೊಳೆಯುವ ಜಾಗವನ್ನು ಒಳಗೆ ಮಾಡಿ ಒಂದು ಬಾಗಿಲು ಹಾಕಿದ ಹೋಟೆಲುಗಳೂ ಇವೆ. ಅಂಥ ಮಾಲಕರನ್ನು ಸೊಸೈಟಿಯವರೇ ಗಣಪತಿ ಪೂಜೆಗೆ ಕರೆದು ಪ್ರಸಾದ ಕೊಡುತ್ತಾರೆ.

ಇನ್ನೊಂದು ಸೂಕ್ಷ್ಮ ವಿಷಯ ಹೋಟೆಲ್ ಕಾರ್ಮಿಕರದ್ದು. ಊರಿನಿಂದ ಬಂದ ಹುಡುಗರು ರಾತ್ರಿ ಎಲ್ಲಿ ಮಲಗಬೇಕು? ಹಿಂದೆ ಹೋಟೆಲಿನ ಮೇಜುಗಳನ್ನು ಜೋಡಿಸಿ ಮಲಗುತ್ತಿದ್ದರು. ಈಗ ಮಾಲಕರು ಅದೇ ಕಟ್ಟಡದಲ್ಲಿ ಒಂದು ಫ್ಲ್ಯಾಟು ಬಾಡಿಗೆಗೆ ಹಿಡಿದು ಹನ್ನೆರಡು ಮಂದಿಯನ್ನು ಇರಿಸುತ್ತಾರೆ. ಆಗ ಸೊಸೈಟಿಯಲ್ಲಿ ಗದ್ದಲ. ಆ ಹುಡುಗರು ಮಾಡಿದ ತಪ್ಪೇನೂ ಇಲ್ಲ. ನಮ್ಮ ಸಂಘಗಳ ಹಿರಿಯ ಸದಸ್ಯರಲ್ಲಿ ಬಹಳಷ್ಟು ಮಂದಿ ಅದೇ ಮೇಜುಗಳ ಮೇಲೆ ಮಲಗಿ, ರಾತ್ರಿಶಾಲೆಗೆ ಹೋಗಿ ಮೇಲೆ ಬಂದವರು. ಇಂದು ಅವರೇ ಸೊಸೈಟಿಯ ಅಧ್ಯಕ್ಷ ಪೀಠದಲ್ಲಿ ಕುಳಿತು ‘ಬ್ಯಾಚುಲರುಗಳಿಗೆ ಪ್ರವೇಶವಿಲ್ಲ’ ಎಂಬ ಠರಾವಿಗೆ ಸಹಿ ಹಾಕುವಾಗ ಪೆನ್ನು ಒಂದು ಕ್ಷಣ ತಡೆದರೆ ಚೆನ್ನ. ಹನ್ನೆರಡು ಮಂದಿ ಒಂದು ಫ್ಲ್ಯಾಟಿಗೆ ಹೆಚ್ಚಾಯಿತೆಂದರೆ ಸಂಖ್ಯೆಯ ಬಗ್ಗೆ ಮಾಲಕರೊಡನೆ ಮಾತಾಡಬಹುದು. ಜನರನ್ನೇ ಬೇಡವೆನ್ನುವುದು ಬೇರೆ ಮಾತು.

ಮನೆಯಲ್ಲಿ ಅಡುಗೆ ಮಾಡಿ ಮಾರುವವರೂ ಕೆಲವು ಕೆಲಸಗಳನ್ನು ಮೊದಲೇ ಮಾಡಿಟ್ಟುಕೊಂಡರೆ ಸಭೆಯಲ್ಲಿ ತಲೆಯೆತ್ತಿ ಮಾತನಾಡಬಹುದು. 2006ರ ಆಹಾರ ಸುರಕ್ಷೆ ಕಾಯ್ದೆಯಡಿ ಮನೆ ಅಡುಗೆಯೂ ಆಹಾರ ವ್ಯಾಪಾರವೇ. 2011ರಲ್ಲಿ ನಿಯಮ ಜಾರಿಯಾದಾಗ ವರ್ಷಕ್ಕೆ 12 ಲಕ್ಷ ರೂ. ವಹಿವಾಟಿನ ತನಕ ಪರವಾನಿಗೆ ಬೇಡ, ಸರಳ ನೋಂದಣಿ ಸಾಕು, ಶುಲ್ಕ ವರ್ಷಕ್ಕೆ 100 ರೂ. ಎಂದು ಗೊತ್ತುಮಾಡಲಾಯಿತು. ಈ ಕಾಗದ ಕೈಯಲ್ಲಿದ್ದರೆ ಅರ್ಧ ಬಾಯಿಗಳು ತಾನಾಗಿ ಮುಚ್ಚುತ್ತವೆ. ಎರಡನೆಯದು ಗ್ಯಾಸ್. ಮನೆಬಳಕೆಯ 14.2 ಕಿಲೋದ ಕೆಂಪು ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವುದು ನಿಯಮಬಾಹಿರ. ವ್ಯಾಪಾರಕ್ಕೆ 19 ಕಿಲೋದ ನೀಲಿ ಸಿಲಿಂಡರ್. ಅಡುಗೆಮನೆಯಲ್ಲಿ ನಾಲ್ಕೈದು ಕೆಂಪು ಸಿಲಿಂಡರ್ ಸಾಲಾಗಿ ಇಟ್ಟುಕೊಂಡವರ ಪರವಾಗಿ ಯಾವ ಸಂಘವೂ ವಾದಿಸಲಾರದು, ವಾದಿಸಲೂಬಾರದು. ಮೇಲೆ ಮಕ್ಕಳು ಮಲಗಿರುತ್ತಾರೆ.

ಇನ್ನು ಸೊಸೈಟಿಯ ಅಧಿಕಾರದ ಕುರಿತು ಒಂದಿಷ್ಟು. 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯಡಿ ನೋಂದಾಯಿತ ಸೊಸೈಟಿಯ ಉಪವಿಧಿಗಳ ಪ್ರಕಾರ ಫ್ಲ್ಯಾಟನ್ನು ಮಂಜೂರಾದ ಉದ್ದೇಶಕ್ಕೆ ಮಾತ್ರ ಬಳಸಬೇಕು. ಸದಸ್ಯ ಇದನ್ನು ಮುರಿದರೆ ಸೊಸೈಟಿ ನೋಟಿಸು ಕೊಡಬಹುದು, ಕಾಯ್ದೆಯ 91ನೇ ಕಲಮಿನಡಿ ಸಹಕಾರಿ ನ್ಯಾಯಾಲಯಕ್ಕೆ ಹೋಗಬಹುದು. ಬಳಕೆ ಬದಲಾವಣೆಯ ಬಗ್ಗೆ 1966ರ ನಗರ ಯೋಜನಾ ಕಾಯ್ದೆಯಡಿ ಕ್ರಮ ಕೈಗೊಳ್ಳುವಂತೆ ಪಾಲಿಕೆಗೆ ದೂರು ನೀಡಬಹುದು. ಆದರೆ ತಾನೇ ಬೀಗ ಜಡಿಯುವ, ನೀರು ಕಡಿಯುವ, ಲಿಫ್ಟ್ ನಿಲ್ಲಿಸುವ ಅಧಿಕಾರ ಅದಕ್ಕಿಲ್ಲ. ಮನಸ್ಸಿಗೆ ಬಂದಷ್ಟು ದಂಡ ಹಾಕುವಂತೆಯೂ ಇಲ್ಲ. ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟವರಿಂದ ವಸೂಲು ಮಾಡುವ ಶುಲ್ಕ ಸೇವಾಶುಲ್ಕದ ಶೇ. 10 ಮೀರಬಾರದೆಂದು ರಾಜ್ಯ ಸರಕಾರ 2001ರಲ್ಲಿ ಆದೇಶಿಸಿದ್ದೂ ಇಂಥ ಮನಸೋ ಇಚ್ಛೆ ವಸೂಲಿ ಹೆಚ್ಚಿದ್ದರಿಂದಲೇ. ಕಾನೂನು ಗೊತ್ತಿಲ್ಲದ ಸಮಿತಿ ಆವೇಶದಲ್ಲಿ ನೀರು ಕಡಿದು, ಕೊನೆಗೆ ತಾನೇ ನ್ಯಾಯಾಲಯದಲ್ಲಿ ತಪ್ಪಿತಸ್ಥನ ಸ್ಥಾನದಲ್ಲಿ ನಿಲ್ಲುವ ಪ್ರಸಂಗ ತಂದುಕೊಳ್ಳುತ್ತದೆ.

ಕೆಲವು ಸೊಸೈಟಿಗಳು ಜಗಳಕ್ಕೆ ಮೊದಲೇ ಕುಳಿತು ಒಂದು ಪುಟದ ನಿಯಮ ಬರೆದುಕೊಳ್ಳುವುದೂ ಉಂಟು. ಅಂಥದರಲ್ಲಿ ಇರಬೇಕಾದ್ದು ಬಹಳವೇನಿಲ್ಲ. ದುಡಿಯುವವರು ಅದೇ ಮನೆಯಲ್ಲಿ ವಾಸವಿರಬೇಕು. ಹೊರಗಿನ ಕೆಲಸಗಾರರು ಇರಬಾರದು, ಅಥವಾ ಒಬ್ಬರಿಗಿಂತ ಹೆಚ್ಚಿರಬಾರದು. ಟ್ಯೂಷನಿಗೆ ಒಂದು ಹೊತ್ತಿಗೆ ಇಷ್ಟೇ ಮಕ್ಕಳು, ಇಷ್ಟು ಗಂಟೆಯ ತನಕ. ಡೆಲಿವರಿಯವರು ಗೇಟಿನಲ್ಲೇ ನಿಲ್ಲಬೇಕು. ಬೋರ್ಡು ಹಾಕುವುದಾದರೆ ಬಾಗಿಲಿಗೆ ಮಾತ್ರ, ಕಟ್ಟಡದ ಮುಖಕ್ಕಲ್ಲ. ಗೋಡೆ ಮುಟ್ಟುವ ಮೊದಲು ಸ್ಟ್ರಕ್ಚರಲ್ ಎಂಜಿನಿಯರರ ಪತ್ರ ಮತ್ತು ಪಾಲಿಕೆಯ ಅನುಮತಿ ಎರಡೂ ಬೇಕು. ಪಾಲಿಕೆಯ ನಿಯಮಕ್ಕೆ ವಿರುದ್ಧವಾದುದನ್ನು ಸೊಸೈಟಿಯ ಠರಾವು ಸಕ್ರಮಗೊಳಿಸಲಾರದು ಎಂಬುದೂ ನಿಜ. ಆದರೆ ನಿಯಮದ ಒಳಗಿರುವ ಸಣ್ಣ ದುಡಿಮೆಗೆ ಅದು ರಕ್ಷಣೆ ಕೊಡಬಲ್ಲದು, ನೆರೆಯವರಿಗೂ ಒಂದು ಮಿತಿ ಗೊತ್ತಾಗುತ್ತದೆ.

ಇಲ್ಲಿ ನಮ್ಮ ಕನ್ನಡ ಸಂಘಗಳು ಮಾಡಬಹುದಾದ ಕೆಲಸವೂ ಇದೆ. ಹೆಚ್ಚಿನ ಸಂಘಗಳಲ್ಲಿ ಮಹಿಳಾ ವಿಭಾಗವಿದೆ, ವಕೀಲ ಸದಸ್ಯರಿದ್ದಾರೆ, ಹೋಟೆಲ್ ಉದ್ಯಮಿಗಳಂತೂ ಇದ್ದೇ ಇದ್ದಾರೆ. ಅರಸಿನ ಕುಂಕುಮ, ಆಟಿದ ಕೂಟಗಳ ಜತೆಗೆ ವರ್ಷಕ್ಕೊಂದು ದಿನ ಆಹಾರ ನೋಂದಣಿಯ ಅರ್ಜಿ ತುಂಬಿಸುವ ಶಿಬಿರ ನಡೆಸಿದರೆ ಎಷ್ಟೋ ಮನೆಗಳಿಗೆ ಉಪಕಾರವಾದೀತು. ಸಭಾಭವನದ ಕೋಣೆಯೊಂದು ವಾರದ ದಿನಗಳಲ್ಲಿ ಖಾಲಿ ಬಿದ್ದಿರುತ್ತದೆ. ಅದನ್ನು ಟ್ಯೂಷನಿಗೋ ನೃತ್ಯ ತರಗತಿಗೋ ಚೆಂಡೆಯ ಪಾಠಕ್ಕೋ ಅಲ್ಪ ಬಾಡಿಗೆಗೆ ಕೊಟ್ಟರೆ ಫ್ಲ್ಯಾಟಿನ ಜಗಳವೂ ತಪ್ಪುತ್ತದೆ, ಸಂಘಕ್ಕೆ ಮಕ್ಕಳೂ ಬರುತ್ತಾರೆ. ಹೋಟೆಲ್ ಮಾಲಕರಿಗೂ ಮೇಲಿನ ಮಹಡಿಯವರಿಗೂ ಮಾತು ಬಿಟ್ಟಿರುವ ಕಡೆ ಇಬ್ಬರೂ ಸದಸ್ಯರಾಗಿರುವ ಸಂಘದ ಹಿರಿಯರು ಒಂದು ಲೋಟ ಕಾಪಿಯ ನೆಪದಲ್ಲಿ ಕೂರಿಸಿದರೆ, ಸಹಕಾರಿ ನ್ಯಾಯಾಲಯದಲ್ಲಿ ಹತ್ತು ವರ್ಷ ಕಾಯುವುದಕ್ಕಿಂತ ಬೇಗ ಪೈಪು ತಾರಸಿ ಏರೀತು.

ಸೊಸೈಟಿಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕೆಂಬ ನಿಯಮವಿದ್ದು, ಸಭೆಗೆ 14 ದಿನ ಮೊದಲು ನೋಟಿಸು ಕೊಡಬೇಕಾಗುತ್ತದೆ. ಮನೆ ದುಡಿಮೆಯ ನಿಯಮವನ್ನು ಕಾರ್ಯಸೂಚಿಗೆ ಸೇರಿಸಬೇಕೆಂದಿರುವ ಸದಸ್ಯರು ಆ ನೋಟಿಸು ಬೋರ್ಡಿಗೆ ಬೀಳುವ ಮೊದಲೇ ಕಾರ್ಯದರ್ಶಿಗೆ ಲಿಖಿತವಾಗಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಸಹಿ ಪಡೆದುಕೊಳ್ಳತಕ್ಕದ್ದು.